ಎಸೆಯುವ ಮುನ್ನ ಒಮ್ಮೆ ಅಳೆಯೋಣ

ಮಣ್ಣು ಪರೀಕ್ಷಿಸದೆ ಗೊಬ್ಬರ ಸುರಿಯಬೇಡಿರೆಂದು ರೈತರಿಗೆ ಹೇಳುವುದು ನನ್ನ ವೃತ್ತಿ. ಅಂಥ ನಾನೇ ಒಂದು ಗಣಕಯಂತ್ರವನ್ನು ಪರೀಕ್ಷಿಸದೆ ಗುಜರಿಗೆ ಹಾಕಲು ಹೊರಟಿದ್ದೆನೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳಬೇಕಾಗಿದೆ.

ವಿದ್ಯಾರ್ಥಿ ದೆಸೆಯಲ್ಲಿ, 2004ರಲ್ಲಿ ಕೊಂಡ ಯಂತ್ರವದು. ಖಾನಾಪುರದ ಕಾಡಿನಂಚಿನಿಂದ ಕಿತ್ತೂರು, ಬೈಲಹೊಂಗಲಗಳನ್ನು ದಾಟಿ ಸವದತ್ತಿಯ ಎರೆನೆಲದವರೆಗೆ ನಾನು ಬರೆದಿಟ್ಟ ಮಳೆ ಮತ್ತು ಮಣ್ಣಿನ ಲೆಕ್ಕಗಳೆಲ್ಲ ಅದರಲ್ಲಿದ್ದವು. ಅವನ್ನು ತೆರೆಯುವ ಹಳೆಯ ತಂತ್ರಾಂಶ ಹೊಸ ಯಂತ್ರಗಳಲ್ಲಿ ನಡೆಯದು. ಒಂದು ದಿನ ಅದು ಚಾಲೂ ಆಗಲಿಲ್ಲ. ಅಂಗಡಿಯವರು ಮುಚ್ಚಳವನ್ನೂ ತೆಗೆಯದೆ ‘ಹಳೆಯದು, ಎಸೆಯಿರಿ’ ಎಂದರು.

ಅದನ್ನು ತೆರೆದು ನೋಡಿದವನು ನಮ್ಮೂರಿನ ಪಂಪ್‌ಸೆಟ್ ದುರಸ್ತಿಯ ಯುವಕ. ಮೋಟಾರಿನ ಕೆಪಾಸಿಟರ್ ಕೆಟ್ಟರೆ ಪಂಪು ಗುಂಯ್‌ಗುಡುತ್ತ ನಿಲ್ಲುವುದನ್ನು ಅವನು ದಿನವೂ ಕಾಣುತ್ತಾನೆ. ಗಣಕದ ಮುಖ್ಯ ಫಲಕದಲ್ಲಿ ಮೂರು ಕೆಪಾಸಿಟರುಗಳ ತಲೆ ಉಬ್ಬಿತ್ತು. 1999ರಿಂದ 2007ರವರೆಗಿನ ಅನೇಕ ಫಲಕಗಳಲ್ಲಿ ದೋಷಯುಕ್ತ ದ್ರಾವಣದ ಕೆಪಾಸಿಟರುಗಳು ಸೇರಿಕೊಂಡು ಅಕಾಲದಲ್ಲಿ ಉಬ್ಬಿ ಒಡೆದದ್ದು ಜಗತ್ತೆಲ್ಲ ಕಂಡ ಸಂಗತಿ. ಮೂರನ್ನೂ ಬದಲಿಸಿದರೂ ಯಂತ್ರ ಏಳಲಿಲ್ಲ.

ಕಾರಣ ಸರಳ. ಈ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ತೋಯ್ದ ಕಾಗದವಿರುತ್ತದೆ. ಕಾಲ ಕಳೆದಂತೆ, ಸೆಕೆ ಏರಿದಂತೆ ಅದು ಒಣಗುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಒಣಗಿದರೂ ಹೊರರೂಪ ಕೆಡದಿರಬಹುದು. ಹಸಿರಾಗಿ ಕಂಡ ಮಾತ್ರಕ್ಕೆ ಬೆಳೆಯ ಬೇರು ಆರೋಗ್ಯವಾಗಿದೆ ಎನ್ನಲಾದೀತೆ?

ಆದ್ದರಿಂದ ಅಳೆಯಬೇಕು. ಫಲಕದಲ್ಲಿರುವಾಗ ಪಕ್ಕದ ಬಿಡಿಭಾಗಗಳು ಅಳತೆಯನ್ನು ದಾರಿ ತಪ್ಪಿಸುವುದರಿಂದ ಸಂಶಯದ ಕೆಪಾಸಿಟರನ್ನು ಬಿಚ್ಚಿಯೇ ನೋಡಬೇಕು. ಮಲ್ಟಿಮೀಟರ್ ಮೈಕ್ರೋಫ್ಯಾರಡ್ ಲೆಕ್ಕದ ಸಾಮರ್ಥ್ಯವನ್ನು ಮಾತ್ರ ಹೇಳುತ್ತದೆ. ಆಂತರಿಕ ರೋಧವನ್ನು ತಿಳಿಯಲು ಇ.ಎಸ್.ಆರ್. ಮೀಟರ್ ಬೇಕು. ನಮ್ಮ ಯಂತ್ರದಲ್ಲಿ ತಲೆ ಚಪ್ಪಟೆಯಾಗಿದ್ದ ಇನ್ನೆರಡರ ಸಾಮರ್ಥ್ಯ ಸರಿಯಿತ್ತು, ರೋಧ ಮಾತ್ರ ಹಲವು ಪಟ್ಟು ಏರಿತ್ತು. ಅವನ್ನೂ ಬದಲಿಸಿದೊಡನೆ ಯಂತ್ರ ಎದ್ದಿತು. ಮೊದಲು ಮಾಡಿದ ಕೆಲಸವೆಂದರೆ ಲೆಕ್ಕಗಳ ಪ್ರತಿ ತೆಗೆದದ್ದು.

ವಿದ್ಯಾರ್ಥಿಗಳಿಗೆ ಎಚ್ಚರಿಕೆಯ ಮಾತು: ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನೂ ಹಳೆಯ ಗಾಜಿನ ಕೊಳವೆಯ ಪರದೆಯನ್ನೂ ನೀವಾಗಿ ಬಿಚ್ಚಬೇಡಿರಿ. ಆ ಪೆಟ್ಟಿಗೆಯಲ್ಲಿ ಸುಮಾರು 325 ವೋಲ್ಟ್ ಸಂಗ್ರಹವಾಗುತ್ತದೆ; ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಹೊಸ ಕೆಪಾಸಿಟರಿನ ಸಾಮರ್ಥ್ಯ ಮೊದಲಿನಷ್ಟೇ ಇರಲಿ, ವೋಲ್ಟ್ ಕಡಿಮೆಯಾಗದಿರಲಿ. ಧನ-ಋಣ ತುದಿಗಳು ಅದಲುಬದಲಾದರೆ ಅದು ಸಿಡಿಯುತ್ತದೆ.

ಇದು ಕೇವಲ ಮಿತವ್ಯಯದ ಪ್ರಶ್ನೆಯಲ್ಲ. ಆ ಕಾಲದ ಫಲಕಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ ಸೀಸವಿದೆ. ತಾಮ್ರದಾಸೆಗೆ ಹಳ್ಳದ ದಂಡೆಯಲ್ಲಿ ವೈರು ಸುಟ್ಟರೆ ವಿಷ ಗಾಳಿಗೂ ಮಣ್ಣಿಗೂ ಸೇರುತ್ತದೆ; ಮಳೆ ಅದನ್ನು ಮಲಪ್ರಭೆಗೆ ಒಯ್ಯುತ್ತದೆ. ವಿದ್ಯುನ್ಮಾನ ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನಿಜ. ಆದರೆ ಆ ಹೊಣೆ ಮುಖ್ಯವಾಗಿ ಬರುವುದು ವಸ್ತು ತ್ಯಾಜ್ಯವಾದ ಮೇಲೆ. ತ್ಯಾಜ್ಯವಾಗದಂತೆ ತಡೆಯುವುದು ನಮ್ಮ ಕೈಯಲ್ಲಿದೆ.

ಊರಿಗೊಂದು ಇ.ಎಸ್.ಆರ್. ಮೀಟರ್, ಅದನ್ನು ಬಳಸಬಲ್ಲ ಇಬ್ಬರು ಯುವಕರು: ಇಷ್ಟಾದರೆ ಎಷ್ಟೋ ಯಂತ್ರಗಳು ಉಳಿದಾವು. ದುರಸ್ತಿಗೂ ಒಗ್ಗದ್ದನ್ನು ಸುಡದೆ, ಹೂಳದೆ ಅಧಿಕೃತ ಮರುಬಳಕೆಯವರಿಗೇ ಒಪ್ಪಿಸೋಣ.