ಮುಚ್ಚಿದ ಲಕೋಟೆಯ ವಿಜ್ಞಾನ ಬೇಡ

ಮಂದಿರವೋ ಮಸೀದಿಯೋ ಎಂಬ ದಾವೆ ನ್ಯಾಯಾಲಯದ ಮೆಟ್ಟಿಲೇರಿದರೆ ಈಗ ಮೊದಲು ಕೇಳಿಬರುವ ಬೇಡಿಕೆ ‘ವೈಜ್ಞಾನಿಕ ಸಮೀಕ್ಷೆ’ಯದು. ಅಗೆಯುವುದಿಲ್ಲ, ಒಡೆಯುವುದಿಲ್ಲ, ಮತ್ತೇಕೆ ತಕರಾರು ಎಂದು ಕೇಳುತ್ತಾರೆ. ತಕರಾರಿದೆ. ನೆಲದೊಳಗನ್ನು ನೋಡುವ ರೇಡಾರಿನಿಂದ ಅದು ಹೇಳಲಾಗದ ಮಾತನ್ನು ಹೇಳಿಸಲು ಹೊರಟಿದ್ದೇವೆ.

ಜಿಪಿಆರ್ ಎಂಬ ಈ ಉಪಕರಣ ವಿದ್ಯುತ್ಕಾಂತೀಯ ಅಲೆಗಳನ್ನು ನೆಲಕ್ಕೆ ಕಳಿಸುತ್ತದೆ. ಕಲ್ಲು, ಇಟ್ಟಿಗೆ, ಪೊಳ್ಳು, ತೇವ ಎದುರಾದೆಡೆ ಅಲೆ ಮರಳುತ್ತದೆ. ಮರಳಿದ ಹೊತ್ತಿನಿಂದ ಆಳವನ್ನು ಅಂದಾಜಿಸುತ್ತಾರೆ. ಒದ್ದೆ ಜೇಡಿಮಣ್ಣಿದ್ದರೆ ಅಲೆ ಬೇಗನೆ ಇಂಗಿಹೋಗುತ್ತದೆ. ಗೋಡೆ ಯಾವ ಕಾಲದ್ದು, ಕಟ್ಟಿಸಿದವರು ಯಾರು, ತಾನಾಗಿ ಬಿತ್ತೇ, ಕೆಡವಿದರೇ? ಇದ್ಯಾವುದಕ್ಕೂ ಆ ಚಿತ್ರದಲ್ಲಿ ಉತ್ತರವಿಲ್ಲ.

ಅಯೋಧ್ಯೆಯಲ್ಲಿ ಆದದ್ದನ್ನು ನೆನೆಯಿರಿ. 2003ರ ಫೆಬ್ರುವರಿಯ ರೇಡಾರ್ ವರದಿ ನೆಲದಡಿ 184 ಕಡೆ ವ್ಯತ್ಯಾಸಗಳನ್ನು ಗುರುತಿಸಿತ್ತು. ಅದೇ ವರ್ಷ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ (ಎಎಸ್‌ಐ) ಅಗೆದಾಗ ಕೆಲವೆಡೆ ರಚನೆಗಳು ಸಿಕ್ಕವು, ಹಲವೆಡೆ ಹೇಳಿದ ಆಳ ದಾಟಿದರೂ ಏನೂ ಸಿಗಲಿಲ್ಲ. ಸಿಕ್ಕಿದ್ದರ ಅರ್ಥದ ಬಗ್ಗೆ ಪುರಾತತ್ವಜ್ಞರೇ ಕಿತ್ತಾಡಿದರು. ಕೊನೆಗೆ 2019ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪುರಾತತ್ವ ಶೋಧವೊಂದರಿಂದಲೇ ಜಾಗದ ಒಡೆತನ ತೀರ್ಮಾನವಾಗದು ಎಂದಿತು. ಮಸೀದಿಗಾಗಿ ಹಳೆಯ ಕಟ್ಟಡವನ್ನು ಕೆಡವಲಾಯಿತೇ ಎಂಬುದಕ್ಕೆ ಎಎಸ್‌ಐ ಉತ್ತರ ಕೊಟ್ಟಿಲ್ಲವೆಂದೂ ದಾಖಲಿಸಿತು. ಆ ಪಾಠ ಯಾರಿಗೂ ಬೇಕಾಗಲಿಲ್ಲ. 2023ರಲ್ಲಿ ವಾರಾಣಸಿಯ ಜ್ಞಾನವಾಪಿ ಮಸೀದಿಯಲ್ಲಿ ಎಎಸ್‌ಐ ಸಮೀಕ್ಷೆ ನಡೆಯಿತು. ಡಿಸೆಂಬರ್‌ನಲ್ಲಿ ವರದಿ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಹೋಯಿತು. ಜನವರಿಯಲ್ಲಿ ಅದರ ತಿರುಳು ಜನರಿಗೆ ತಲುಪಿದ್ದು ಒಂದು ಕಕ್ಷಿಯ ವಕೀಲರ ಪತ್ರಿಕಾಗೋಷ್ಠಿಯಿಂದ. ಬೇರೆ ತಜ್ಞರು ಪರೀಕ್ಷಿಸುವ ಮೊದಲೇ ಟಿವಿಗಳು ತೀರ್ಪು ಕೊಟ್ಟಾಗಿತ್ತು. ಇದನ್ನು ವಿಜ್ಞಾನ ಎನ್ನಲು ನಾನು ಒಪ್ಪಲಾರೆ. 2024ರಲ್ಲಿ ಉತ್ತರ ಪ್ರದೇಶದ ಸಂಭಲ್‌ನ ಮಸೀದಿಯಲ್ಲಿ ಸಮೀಕ್ಷೆ ನಡೆದ ದಿನ ಗಲಭೆಯಲ್ಲಿ ಜೀವಗಳೇ ಹೋದವು.

ಹಾಗೆಂದು ಸಮೀಕ್ಷೆಯೇ ಬೇಡ ಎನ್ನುವವರ ಜೊತೆಗೂ ನಾನಿಲ್ಲ. ಹಿಂದೆ ಗುಡಿ ಕೆಡವಿದ್ದರೆ ಕೆಡವಿದ್ದರು ಎಂದೇ ಇತಿಹಾಸ ಬರೆಯಬೇಕು. ಆದರೆ 1947ರ ಆಗಸ್ಟ್ 15ರಂದು ಇದ್ದ ಧಾರ್ಮಿಕ ಸ್ವರೂಪ ಬದಲಾಗಕೂಡದು ಎನ್ನುವ 1991ರ ಪೂಜಾ ಸ್ಥಳಗಳ ಕಾಯ್ದೆಯನ್ನು ಆ ಬರಹ ಅಳಿಸಬಾರದು.

ಅಗೆಯದೆ, ಒಡೆಯದೆ ಅಳೆಯುವ ಇಂಥ ತಂತ್ರಗಳಿಂದ ಎಂಥ ಕೆಲಸ ಸಾಧ್ಯ! ಪ್ಯಾರಿಸ್ಸಿನ ನೋತ್ರದಾಮ್ ಚರ್ಚನ್ನು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಲೇಸರ್‌ನಿಂದ ಅಳೆದರು. ಮಧ್ಯಯುಗದಲ್ಲಿ ಅದನ್ನು ಕಟ್ಟಿದವರು ಹೇಗೆ ಯೋಚಿಸಿದರು, ಗೋಡೆ ಎಲ್ಲಿ ನೆಟ್ಟಗಿದೆ, ಎಲ್ಲಿ ಓರೆಯಾಗಿದೆ ಎಂದು ತಿಳಿಯುವ ಹಂಬಲ ಅವರದು. ನೂರು ಕೋಟಿಗೂ ಹೆಚ್ಚು ಬಿಂದುಗಳ ಮಾದರಿ ಸಿದ್ಧವಾಯಿತು. 2018ರಲ್ಲಿ ಅವರು ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಚಾವಣಿ ಹೊತ್ತಿ ಉರಿದಾಗ, ಮತ್ತೆ ಕಟ್ಟಲು ಹೊರಟವರಿಗೆ ಆ ಅಳತೆಗಳು ಒದಗಿಬಂದವು. ನಮ್ಮ ಎಷ್ಟು ಗುಡಿ, ಬಸದಿ, ದರ್ಗಾಗಳಿಗೆ ಅಂಥ ಮಾದರಿಯಿದೆ? ಮಳೆಗೆ ಚಾವಣಿ ಸೋರಿ ಕಂಬ ಜರುಗುವ ಊರಗುಡಿಗೆ ರೇಡಾರ್ ಬರುವುದಿಲ್ಲ. ದಾವೆ ಹೂಡಿದ ಕಡೆಗೆ ಬರುತ್ತದೆ.

ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯ ವಿಷಯದಲ್ಲೂ 2022ರಲ್ಲಿ ಜ್ಞಾನವಾಪಿ ಮಾದರಿಯ ಸಮೀಕ್ಷೆಯ ಕೂಗೆದ್ದಿತ್ತು. ಇಂಥ ದಾವೆಗಳಲ್ಲಿ ಸಮೀಕ್ಷೆಗೆ ಆದೇಶಿಸದಂತೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯಗಳನ್ನು ತಡೆಯಿತು. ಆದರೆ ಸಂರಕ್ಷಣೆಗಾಗಿ ಅಳೆಯಲು ಎಎಸ್‌ಐಗೆ ಯಾವ ದಾವೆಯೂ ಬೇಕಿಲ್ಲ. ಮಿನಾರುಗಳು ವಾಲುತ್ತಿವೆಯೇ, ತಳಪಾಯಕ್ಕೆ ನೀರು ಇಳಿಯುತ್ತಿದೆಯೇ ಎಂದು ಆ ಮಸೀದಿಯಲ್ಲಿ ನೋಡಲಿ. ಅದೇ ತಂಡ ಅದೇ ಊರಿನ ರಂಗನಾಥಸ್ವಾಮಿ ದೇವಸ್ಥಾನಕ್ಕೂ ಹೋಗಲಿ. ಎರಡರ ಕಚ್ಚಾ ದತ್ತಾಂಶವನ್ನೂ ಒಂದೇ ದಿನ ಪ್ರಕಟಿಸಲಿ, ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದರೂ ತೆರೆದು ಮರುಪರೀಕ್ಷಿಸುವಂತೆ.