ಕಣ್ಣು ಕ್ಯಾಮೆರಾ ಅಲ್ಲವೇ ಅಲ್ಲ!



ಕಳೆದ ತಿಂಗಳು ನಾಗಮಂಗಲದ ಒಂದು ಮದುವೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತ. ಹೊಸ ಮೊಬೈಲನ್ನು ತೋರಿಸಿ, "ಸಾರ್, ಇದರ ಕ್ಯಾಮೆರಾ 200 ಮೆಗಾಪಿಕ್ಸೆಲ್. ನಮ್ಮ ಕಣ್ಣು 576 ಅಂತೆ. ಇನ್ನು ನಾಲ್ಕೈದು ವರ್ಷಕ್ಕೆ ಇದು ಕಣ್ಣನ್ನೇ ಮೀರಿಸುತ್ತೆ, ಅಲ್ವಾ ಸಾರ್?" ಎಂದ. ಬಾಯಲ್ಲಿ ಹೋಳಿಗೆ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ. ಅವನನ್ನು ಗದರುವ ಹಕ್ಕಂತೂ ನನಗಿಲ್ಲ. ಕಣ್ಣೆಂದರೆ ಕ್ಯಾಮೆರಾ ಎಂದು ಕರಿಹಲಗೆಯ ಮೇಲೆ ಎರಡು ಚಿತ್ರ ಬರೆದು, ಬಾಣದ ಗುರುತು ಹಾಕಿ, ಅವನಿಗೆ ಬಾಯಿಪಾಠ ಮಾಡಿಸಿದವನು ನಾನೇ.

ಮೊದಲು ಆ 576ರ ಕಥೆ. ಅಮೆರಿಕದ ವಿಜ್ಞಾನಿ ರೋಜರ್ ಕ್ಲಾರ್ಕ್ ಹಾಕಿದ ಲೆಕ್ಕವದು. ನೋಟದ ಹರವು ಅಡ್ಡಕ್ಕೂ ಉದ್ದಕ್ಕೂ 120 ಡಿಗ್ರಿ, ಕಣ್ಣು ಗುರುತಿಸಬಲ್ಲ ಸೂಕ್ಷ್ಮತೆ ಡಿಗ್ರಿಯ ಅರವತ್ತನೇ ಒಂದು ಭಾಗದ 0.3ರಷ್ಟು ಎಂದು ಹಿಡಿದರೆ ಒಂದು ಸಾಲಿಗೆ 24,000 ಚುಕ್ಕೆ. ಅದರ ವರ್ಗವೇ 57.6 ಕೋಟಿ. ಗುಣಾಕಾರ ಸರಿಯೇ. ಆದರೆ ಇಡೀ ಹರವನ್ನು ಕಣ್ಣು ಏಕಕಾಲಕ್ಕೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ ಎಂದು ಇದನ್ನು ಓದಿಕೊಂಡರೆ ಅದು ಶುದ್ಧ ಸುಳ್ಳು. ತೋಳನ್ನು ನೀಳವಾಗಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಒಂದು ಕ್ಷಣದಲ್ಲಿ ನಿಮಗೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗ. ಉಳಿದದ್ದೆಲ್ಲ ಮಸುಕು.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಪ್ರವಾಸ ಹೋದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆಯಲ್ಲ, ಅದನ್ನು ಕ್ಯಾಮೆರಾ ಒಂದೇ ಏಟಿಗೆ ಹಿಡಿಯುತ್ತದೆ. ನಿಮ್ಮ ಕಣ್ಣಾದರೋ ಸೆಕೆಂಡಿಗೆ ಮೂರು ಬಾರಿಯಂತೆ ಆನೆಯಿಂದ ಕುದುರೆಗೆ, ಕುದುರೆಯಿಂದ ಸವಾರನ ಮುಖಕ್ಕೆ ಜಿಗಿಯುತ್ತದೆ. ಆ ತುಣುಕುಗಳನ್ನು ಕೂಡಿಸಿ "ಇಡೀ ಗೋಡೆಯನ್ನು ಕಂಡೆ" ಎಂಬ ಅನುಭವವನ್ನು ಕೊಡುವುದು ಮಿದುಳು.

ಹೋಲಿಕೆ ಪೂರ್ತಿ ಸುಳ್ಳೆಂದು ನಾನು ವಾದಿಸುತ್ತಿಲ್ಲ. ಕಣ್ಣಿನ ಮುಂಭಾಗ ಕ್ಯಾಮೆರಾದಂತೆಯೇ ಇದೆ. ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬ ಬೀಳುತ್ತದೆಂದು ಕೆಪ್ಲರ್ 1604ರಲ್ಲೇ ವಿವರಿಸಿದ. ಪೊರೆ ಬಂದ ಮಸೂರವನ್ನು ತೆಗೆದು ಬೇರೆಯದನ್ನು ಕೂರಿಸಬಹುದು. ಕಾರ್ನಿಯಾವನ್ನು ದಾನ ಮಾಡಬಹುದು, 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು, 2021ರಲ್ಲಿ ಪುನೀತ್ ಅವರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆದರೆ ಗಮನಿಸಿ: ಕಸಿ ಮಾಡಿದ್ದು ಕಾರ್ನಿಯಾವನ್ನು, ಇಡೀ ಕಣ್ಣನ್ನಲ್ಲ. ಕಣ್ಣುಗುಡ್ಡೆಯನ್ನೇ ಬದಲಿಸಿ ದೃಷ್ಟಿ ತರಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಏಕೆಂದರೆ ಹಿಂಭಾಗದಲ್ಲಿರುವುದು ಫಿಲ್ಮ್ ಅಲ್ಲ, ಮಿದುಳಿನದೇ ಒಂದು ಕವಲು. ಅಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಇವೆ. ಮಿದುಳಿಗೆ ಹೋಗುವ ನರತಂತುಗಳು ಹತ್ತು ಹನ್ನೆರಡು ಲಕ್ಷ ಮಾತ್ರ. ಯಾವುದನ್ನು ಕಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಕಣ್ಣಿನೊಳಗೇ ಆರಂಭವಾಗುತ್ತದೆ.

"ಪಾಠ ಸುಲಭವಾಗಲು ಒಂದು ಹೋಲಿಕೆ ಬೇಡವೇ? ಇದರಿಂದ ಯಾರಿಗೇನು ನಷ್ಟ?" ಎಂದು ನನ್ನ ಸಹೋದ್ಯೋಗಿ ಮಿತ್ರರು ಕೇಳಿಯಾರು. ನಷ್ಟವಾದದ್ದನ್ನು ನಾನು ಕಂಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

1994ರ ಸುಮಾರಿಗೆ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಎಂಟನೇ ತರಗತಿಯ ಹುಡುಗನೊಬ್ಬ, "ಬಲಗಣ್ಣು ಮುಚ್ಚಿದ್ರೆ ಬೋರ್ಡು ಕಾಣಲ್ಲ ಸಾರ್" ಎಂದ. ಕನ್ನಡಕ ಹಾಕಿಸಿದರು. ಆಮೇಲೂ ಹಾಗೆಯೇ ಎಂದ. ನನಗೆ ಸಿಟ್ಟು ಬಂತು. ಮಸೂರ ಸರಿಹೋಯಿತು, ಫಿಲ್ಮಿನಲ್ಲಿ ದೋಷವಿಲ್ಲವೆಂದು ಕನ್ನಡಕದವರೇ ಹೇಳಿದ್ದಾರೆ, ಇನ್ನು ಕಾಣದಿರಲು ಕಾರಣವೇನು? ನೆಪ ಹೇಳುತ್ತೀಯಾ ಎಂದು ಇಡೀ ತರಗತಿಯ ಮುಂದೆ ಬೈದೆ. ಕ್ಯಾಮೆರಾದ ಪಾಠ ನನಗೆ ಅಷ್ಟು ಚೆನ್ನಾಗಿ ಬಂದಿತ್ತು!

ಅವನ ತಂದೆ ಮೈಸೂರಿಗೆ ಕರೆದೊಯ್ದಾಗ ಜೊತೆಗೆ ನಾನೂ ಹೋದೆ. ಅಲ್ಲಿಯ ವೈದ್ಯರು ಹೇಳಿದರು: ಹುಡುಗನ ಎಡಗಣ್ಣಿನ ದೋಷ ಹುಟ್ಟಿನಿಂದ ಬಂದದ್ದು, ಮಸುಕು ಬಿಂಬವನ್ನೇ ಪಡೆಯುತ್ತಿದ್ದ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯಲೇ ಇಲ್ಲ, ಈಗ ಕನ್ನಡಕದಿಂದ ಬಿಂಬ ಸರಿಹೋದರೂ ಅದನ್ನು ಓದುವವರಿಲ್ಲ. ಸೋಮಾರಿ ಕಣ್ಣು ಎಂದು ಹೆಸರು, ಆಂಬ್ಲಿಯೋಪಿಯಾ. "ನಾಲ್ಕೈದು ವರ್ಷದವನಿದ್ದಾಗ ಕರೆತಂದಿದ್ದರೆ..." ಎಂದು ಮಾತು ನಿಲ್ಲಿಸಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಐದು ವರ್ಷದ ತಂಗಿಯಿದ್ದಳು. ಪರೀಕ್ಷಿಸಿದಾಗ ಅವಳಿಗೂ ಅದೇ ದೋಷ. ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಕಟ್ಟಿಸಿ, ದುರ್ಬಲ ಕಣ್ಣಿಗೆ ಕೆಲಸ ಕಲಿಸಿದರು. ಅವಳ ದೃಷ್ಟಿ ಉಳಿಯಿತು. ಅಣ್ಣನದು ಉಳಿಯಲಿಲ್ಲ. ಅವನಲ್ಲಿ ನಾನು ಕ್ಷಮೆ ಕೇಳಿದೆ, ಆದರೆ ತರಗತಿಯ ಮುಂದೆ ಕೇಳಲಿಲ್ಲ. ಆ ಬಾಕಿ ಇಂದು ಇಲ್ಲಿ ತೀರಲಿ.

ಇದು ಹೊಸ ಸಂಗತಿಯೇನಲ್ಲ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲೇ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿಟ್ಟು, ಆಮೇಲೆ ತೆರೆದರೂ ಆ ಕಣ್ಣಿಗೆ ನೋಟ ಬಾರದೆಂದು ತೋರಿಸಿದ್ದರು. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂದಿತ್ತು. ನಾನು ಓದಿರಲಿಲ್ಲ, ಅಷ್ಟೆ. ಕ್ಯಾಮೆರಾವನ್ನು ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ತೆಗೆದರೂ ಫೋಟೋ ಬರುತ್ತದೆ. ಮಗುವಿನ ಕಣ್ಣಿಗೆ ಆ ಸೌಲಭ್ಯವಿಲ್ಲ.

ಇನ್ನೊಂದು ವ್ಯತ್ಯಾಸ ನನ್ನ ವಯಸ್ಸಿನವರಿಗೆ, ನಲವತ್ತು ದಾಟಿದ ನಿಮಗೆ. ಬಿಳಿ ಹಾಳೆಯ ಮೇಲೆ ಎಡಕ್ಕೊಂದು ಕೂಡುವ ಚಿಹ್ನೆ, ಎಂಟು ಸೆಂಟಿಮೀಟರ್ ಬಲಕ್ಕೊಂದು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಒಂದಡಿ ದೂರದಿಂದ ಬಲಗಣ್ಣಿನಲ್ಲಿ ಕೂಡುವ ಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು ತುಸು ಹಿಂದೆ ಮುಂದೆ ಸರಿಸಿ. ಒಂದು ಕಡೆ ಚುಕ್ಕೆ ಮಾಯವಾಗುತ್ತದೆ. ಅದು ಕುರುಡು ಚುಕ್ಕೆ, ನರ ಹೊರಬೀಳುವ ಜಾಗ. ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬರೀ ಬಿಳಿ ಹಾಳೆ! ಮಿದುಳು ತೇಪೆ ಹಾಕಿಬಿಡುತ್ತದೆ. ಕ್ಯಾಮೆರಾ ಕೆಟ್ಟರೆ ಚಿತ್ರದಲ್ಲಿ ಕಲೆ ಕಾಣುತ್ತದೆ. ಕಣ್ಣು ಕೆಟ್ಟರೆ ಮಿದುಳು ಅದನ್ನು ಮುಚ್ಚಿಡುತ್ತದೆ. ಗ್ಲಾಕೋಮಾದಲ್ಲಿ ಪಕ್ಕದ ನೋಟ ನೋವಿಲ್ಲದೆ ಸವೆಯುತ್ತಿದ್ದರೂ ಎಷ್ಟೋ ಕಾಲ ಗೊತ್ತಾಗದಿರುವುದು ಇದರಿಂದಲೇ. ಹೋದ ನೋಟ ಮರಳದು, ಉಳಿದದ್ದನ್ನು ಔಷಧದಿಂದ ಕಾಪಾಡಬಹುದು. "ನನಗೆ ಚೆನ್ನಾಗಿಯೇ ಕಾಣುತ್ತದೆ" ಎಂಬ ಮಾತು ಸಾಕ್ಷಿಯಲ್ಲ.

ಆದ್ದರಿಂದ ನಿಮ್ಮಲ್ಲಿ ಮೇಷ್ಟರಾದವರಿಗೆ ನನ್ನ ಮಾತು: ಕ್ಯಾಮೆರಾದ ಚಿತ್ರವನ್ನು ಮೊದಲ ದಿನ ಹಲಗೆಯ ಮೇಲೆ ಬರೆಯಿರಿ, ಎರಡನೆಯ ದಿನ ಮಕ್ಕಳ ಕೈಯಲ್ಲೇ ಅದನ್ನು ಅಳಿಸಿರಿ. ತಂದೆತಾಯಿಗಳಾದವರು ಮಗು ಶಾಲೆಗೆ ಸೇರುವ ಮುನ್ನ ಒಂದೊಂದೇ ಕಣ್ಣನ್ನು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನೀವೂ ತಡಮಾಡದೆ ತೋರಿಸಿಕೊಳ್ಳಿ. ಮದುವೆಮನೆಯ ಆ ಹುಡುಗನಿಗೆ ಮಾತ್ರ ಒಂದು ಪ್ರಶ್ನೆ: ನಿನ್ನ ಮಗಳಿಗೆ ಈಗ ನಾಲ್ಕು ವರ್ಷವಲ್ಲವೇನಪ್ಪ? ಮೊಬೈಲಿನ ಕ್ಯಾಮೆರಾವನ್ನು ಅಷ್ಟು ಪರೀಕ್ಷಿಸಿ ಕೊಂಡೆ. ಅವಳ ಕಣ್ಣನ್ನು ತೋರಿಸಿದೆಯಾ?

ಇತಿ ನಿಮ್ಮ ಹಳೆಯ ಮೇಷ್ಟ್ರು