ಸೇತುವೆಯೂ ಸಿಡಿಮದ್ದೂ ಒಂದೇ ಬಂಡಿಯಲ್ಲಿ



ಎರಡನೆಯ ಮಹಾಯುದ್ಧದ ಜರ್ಮನ್ ವಾಹನಗಳ ಪುಟ್ಟ ಪ್ಲಾಸ್ಟಿಕ್ ಮಾದರಿಗಳನ್ನು ಅಂಟಿಸಿ, ಬಣ್ಣ ಹಚ್ಚಿ, ಶೋಕೇಸಿನಲ್ಲಿಡುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಅವುಗಳಲ್ಲಿ ಒಂದು ಬಂಡಿಯನ್ನು ನೋಡಿದರೆ, ಇದು ಯುದ್ಧಕ್ಕೆ ಹೊರಟಿದೆಯೋ ಮನೆ ಕಟ್ಟುವುದಕ್ಕೆ ಹೊರಟಿದೆಯೋ ಎಂಬ ಅನುಮಾನ ಬರುತ್ತದೆ. ಅಷ್ಟೊಂದು ಸಾಮಾನು! ಈ ತಿಂಗಳು ಅದರೊಳಗೆ ಏನೇನಿತ್ತು ಎಂದು ಇಣುಕಿ ನೋಡೋಣ.

ಜರ್ಮನರು ಅದಕ್ಕೆ ಕೊಟ್ಟ ಹೆಸರು ‘ವಿಶೇಷ ಮೋಟಾರು ವಾಹನ 251/7’. ಮುಂದೆ ಲಾರಿಯ ಹಾಗೆ ಎರಡು ಚಕ್ರ, ಹಿಂದೆ ಟ್ಯಾಂಕಿನ ಹಾಗೆ ಸರಪಳಿ ಪಟ್ಟಿ. ಆದ್ದರಿಂದಲೇ ಹಾಫ್‌ಟ್ರ್ಯಾಕ್ ಎನ್ನುತ್ತಾರೆ. ಆರು ಸಿಲಿಂಡರಿನ ಮೇಬಾಕ್ ಎಂಜಿನ್, 100 ಅಶ್ವಶಕ್ತಿ. ಪಕ್ಕದ ಉಕ್ಕಿನ ತಗಡು ಬರೀ 8 ಮಿಲಿಮೀಟರ್ ದಪ್ಪ, ತಲೆಯ ಮೇಲೆ ಮುಚ್ಚಳವೇ ಇಲ್ಲ. 1939ರಿಂದ 1945ರವರೆಗೆ ಈ 251ರ ಬಗೆಬಗೆಯ ರೂಪಗಳು ಒಟ್ಟು 15,000ದಷ್ಟು ತಯಾರಾದವು. ಮೂಲ ರೂಪದಲ್ಲಿ ಹತ್ತು ಜನ ಸೈನಿಕರು ಹಿಂದೆ ಕೂರುತ್ತಿದ್ದರು. ಏಳನೆಯ ರೂಪವಾದ ನಮ್ಮ ಈ ಬಂಡಿ ಮಾತ್ರ ಸೈನ್ಯದ ಎಂಜಿನಿಯರುಗಳದು. ಅಲ್ಲಿ ಜನರ ಜಾಗವನ್ನು ಸಾಮಾನು ಆಕ್ರಮಿಸಿತ್ತು.

ಈ ಎಂಜಿನಿಯರುಗಳನ್ನು ಜರ್ಮನರು ‘ಪಯೋನಿಯರ್’ ಎನ್ನುತ್ತಿದ್ದರು. ಇಂಗ್ಲಿಷ್ ಓದಿದ ಹಳೆಯ ಚಟ, ಈ ಪದದ ಬೆನ್ನು ಹತ್ತದೆ ಇರಲಾರೆ. ಪಯೋನಿಯರ್ ಎಂದರೆ ಮೂಲದಲ್ಲಿ ಕಾಲಾಳು, ಸೈನ್ಯದ ಮುಂದೆ ಸನಿಕೆ ಹಿಡಿದು ದಾರಿ ಮಾಡಿಕೊಡುತ್ತಾ ನಡೆಯುವವನು. ನಮ್ಮ ಆಫೀಸುಗಳ ‘ಪ್ಯೂನ್’, ಚದುರಂಗದ ‘ಪಾನ್’ ಎರಡೂ ಇದರ ದಾಯಾದಿಗಳೇ. ಇವೆಲ್ಲದರ ಬೇರು ಲ್ಯಾಟಿನ್ನಿನ ಪಾದ. ನಮ್ಮ ‘ಪದಾತಿ’ಯೂ ಅದೇ ದೊಡ್ಡ ಕುಟುಂಬದ್ದು. ನಮ್ಮ ದೇಶದಲ್ಲಿ ಈ ಕೆಲಸದವರಿಗೆ ಸ್ಯಾಪರ್ಸ್ ಎಂಬ ಹೆಸರು. ಪುಣೆಯ ಮಕ್ಕಳಿಗೆ ಖಡಕಿಯ ಬಾಂಬೆ ಸ್ಯಾಪರ್ಸ್ ಗೊತ್ತು; ರಜೆಯಲ್ಲಿ ಬೆಂಗಳೂರಿಗೆ ಹೋಗುವವರು ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಕೇಂದ್ರವನ್ನು ನೋಡಿರಬಹುದು.

ಈಗ ಸಾಮಾನಿನ ಪಟ್ಟಿ. ಬಂಡಿಯ ಎರಡೂ ಪಕ್ಕಕ್ಕೆ ಒಂದೊಂದು ಉದ್ದನೆಯ ಸೇತುವೆಯ ತುಂಡನ್ನು ಕಟ್ಟಿರುತ್ತಿದ್ದರು. ಹಳ್ಳವೋ ಕಂದಕವೋ ಅಡ್ಡ ಬಂದರೆ ಎರಡನ್ನೂ ಇಳಿಸಿ ಚಕ್ರದ ಅಳತೆಗೆ ಜೋಡಿಸಿದರಾಯಿತು, ಹಿಂದಿನ ವಾಹನಗಳು ದಾಟಬಹುದು. ಹೊಳೆ ಬಂದರೆ ಗಾಳಿ ತುಂಬುವ ರಬ್ಬರ್ ದೋಣಿ. ಸನಿಕೆ, ಪಿಕಾಸಿ, ಕೊಡಲಿ, ಗರಗಸ, ಹಗ್ಗ, ಮುಳ್ಳುತಂತಿ ಕತ್ತರಿಸುವ ಕತ್ತರಿ. ನೆಲದಲ್ಲಿ ಹುಗಿದ ನೆಲಬಾಂಬುಗಳನ್ನು ಹುಡುಕುವ ಸಾಧನ. ಇಷ್ಟಕ್ಕೇ ನಿಲ್ಲಿಸಿದರೆ ಮೇಸ್ತ್ರಿಯ ಗಾಡಿ ಎಂದೇ ಹೇಳಬಹುದಿತ್ತು.

ಪಕ್ಕದಲ್ಲೇ ಸಿಡಿಮದ್ದಿನ ಪೆಟ್ಟಿಗೆಗಳಿರುತ್ತಿದ್ದವು. ಕಿರಾಣಿ ಅಂಗಡಿಯ ತೂಕದ ಕಲ್ಲುಗಳ ಹಾಗೆ 100 ಗ್ರಾಂ, 200 ಗ್ರಾಂ, 1 ಕಿಲೋ, 3 ಕಿಲೋ ಎಂದು ಅಚ್ಚುಕಟ್ಟಾಗಿ ಅಳೆದಿಟ್ಟ ಗಟ್ಟಿಗಳು. 3 ಕಿಲೋದ್ದಕ್ಕೆ ಹೊತ್ತೊಯ್ಯಲು ಹಿಡಿಕೆ ಬೇರೆ! ಜೊತೆಗೆ ಟ್ಯಾಂಕುಗಳನ್ನು ಉರುಳಿಸುವ ‘ಟೆಲ್ಲರ್’ ನೆಲಬಾಂಬು. ಟೆಲ್ಲರ್ ಎಂದರೆ ಜರ್ಮನಿನಲ್ಲಿ ಊಟದ ತಟ್ಟೆ. ದುಂಡಗೆ, ಚಪ್ಪಟೆಯಾಗಿದ್ದ ಆ ತಟ್ಟೆಯೊಳಗೆ ಸುಮಾರು 5.5 ಕಿಲೋ ಸಿಡಿಮದ್ದು. ಸಾವಿಗೂ ಅಡಿಗೆಮನೆಯಿಂದಲೇ ಹೆಸರು ಎರವಲು ತಂದರಲ್ಲ!

ನನ್ನನ್ನು ಯೋಚನೆಗೆ ಹಚ್ಚಿದ್ದು ಇದೇ. ಸೇತುವೆ ಹಾಕುವುದೂ ಸೇತುವೆ ಒಡೆಯುವುದೂ ಒಬ್ಬನದೇ ಕೆಲಸ, ಒಂದೇ ಬಂಡಿಯ ಸಾಮಾನು. ಸೈನ್ಯ ಮುನ್ನುಗ್ಗುವಾಗ ಹಲಗೆ ಕೆಳಗಿಳಿಯುತ್ತದೆ, ಹಿಂದೆ ಸರಿಯುವಾಗ ಮದ್ದಿನ ಪೆಟ್ಟಿಗೆ ಇಳಿಯುತ್ತದೆ. 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ಏರಿಹೋದ ಸೈನ್ಯಕ್ಕೆ ಪಯೋನಿಯರರು ಹೊಳೆಹೊಳೆಗೂ ದಾರಿ ಮಾಡಿಕೊಟ್ಟರು. ಅವರು ಮಾಡಿದ ದಾರಿಯಲ್ಲೇ ಕೊಲೆಗಡುಕ ಪಡೆಗಳೂ ಹೋದವು.

ಇನ್ನು ಹಿಂದೆ ಸರಿದ ಕಥೆಗೆ ಇಟಲಿಯ ಫ್ಲಾರೆನ್ಸ್ ನಗರ ಸಾಕು. 1944ರ ಆಗಸ್ಟ್ 3ರ ರಾತ್ರಿ ಜರ್ಮನ್ ಸೈನ್ಯ ಆರ್ನೋ ನದಿಯ ಸೇತುವೆಗಳನ್ನು ಒಂದೊಂದಾಗಿ ಉಡಾಯಿಸಿತು. ಉಳಿಸಿದ್ದು ಪೊಂಟೆ ವೆಕ್ಕಿಯೋ ಒಂದನ್ನೇ. ಅದರ ಎರಡೂ ಬದಿಯ ಹಳೆಯ ಮನೆಗಳನ್ನು ಕೆಡವಿ ದಾರಿ ಮುಚ್ಚಿದರು. ಅದೇ ತಿಂಗಳು ಆ ಊರು ತಲುಪಿದ ಮಿತ್ರಪಕ್ಷದ ಪಡೆಗಳಲ್ಲಿ ನಮ್ಮ 8ನೆಯ ಭಾರತೀಯ ಡಿವಿಜನ್ ಕೂಡ ಇತ್ತು. ಕೆಡವಿದ ಸೇತುವೆಗಳಲ್ಲಿ ಸಾಂತಾ ತ್ರಿನಿತಾ ಎಂಬುದು 16ನೆಯ ಶತಮಾನದ್ದು. ಊರವರು ನದಿಯಿಂದ ಹಳೆಯ ಕಲ್ಲುಗಳನ್ನು ಹೆಕ್ಕಿ ತೆಗೆದು, ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿ ನಿಲ್ಲಿಸಿದ್ದು 1958ರಲ್ಲಿ. ಸೇತುವೆಯ ಮೂಲೆಯಲ್ಲಿದ್ದ ವಸಂತದೇವಿಯ ವಿಗ್ರಹದ ತಲೆ ಮಾತ್ರ ಸಿಕ್ಕಿರಲಿಲ್ಲ. ಅದು ನದಿಯ ತಳದಲ್ಲಿ ಸಿಕ್ಕಿದ್ದು 1961ರಲ್ಲಿ! ಒಡೆಯಲು ಒಂದು ರಾತ್ರಿ, ಕೂಡಿಸಲು ಹದಿನೇಳು ವರ್ಷ.

ಮಾದರಿ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಕಟ್ಟಿರಿ. ಆ ಪುಟ್ಟ ಸನಿಕೆಯನ್ನೂ ಹಲಗೆಯನ್ನೂ ಕೈ ನಡುಗದ ಹಾಗೆ ಅಂಟಿಸುವುದೂ ಒಂದು ವಿದ್ಯೆಯೇ. ಆದರೆ ಯಂತ್ರದ ಅಚ್ಚುಕಟ್ಟುತನಕ್ಕೆ ಮರುಳಾಗಿ, ಅದು ಯಾರ ಅಪ್ಪಣೆಯ ಮೇಲೆ, ಯಾರ ಊರಿಗೆ ಹೊರಟಿತ್ತು ಎಂಬುದನ್ನು ಕೇಳದೆ ಬಿಡಬೇಡಿ. ಸನಿಕೆಗೆ ಪಾಪಪುಣ್ಯವಿಲ್ಲ, ಹಿಡಿದ ಕೈಗೆ ಇದೆ.

ನಿಮ್ಮಲ್ಲಿ ಎಷ್ಟೋ ಜನ ಎಂಜಿನಿಯರಿಂಗ್ ಓದುತ್ತಿದ್ದೀರಿ. ಹಿಂದೆ ಇಂಗ್ಲಿಷಿನಲ್ಲಿ ಎಂಜಿನಿಯರ್ ಎಂದರೆ ಬಹುಮಟ್ಟಿಗೆ ಸೈನ್ಯದವನೇ. 18ನೆಯ ಶತಮಾನದಲ್ಲಿ ಜನರಿಗಾಗಿ ರಸ್ತೆ, ಕಾಲುವೆ, ಸೇತುವೆ ಕಟ್ಟುವವರು ತಾವು ಬೇರೆ ಎಂದು ತೋರಿಸಲು ‘ಸಿವಿಲ್’ ಎಂಬ ಪದವನ್ನು ಮುಂದೆ ಸೇರಿಸಿಕೊಂಡರು. ಎಷ್ಟು ಚಿಕ್ಕ ಪದ, ಎಷ್ಟು ದೊಡ್ಡ ವ್ಯತ್ಯಾಸ! ನಾಳೆ ನಿಮ್ಮ ಕೈಗೆ ಯಾವ ಕೆಲಸ ಬಂದರೂ, ನಿಮ್ಮ ಬಂಡಿಯಿಂದ ಇಳಿಯುತ್ತಿರುವುದು ಹಲಗೆಯೋ ಮದ್ದೋ ಎಂದು ಒಮ್ಮೆ ನೋಡಿಕೊಳ್ಳಿ.

ಮುಂದಿನ ತಿಂಗಳು ಮತ್ತೆ ಸಿಗೋಣ.